ಹೆಗಲಿಗೇರಿದ ಏರಿಯಲ್

(ಸಂಘದ ರಾಜ್ಯೋತ್ಸವ ಉಪನ್ಯಾಸಗಳಲ್ಲಿ ಪುಣೆಯ ಸದಸ್ಯರೊಬ್ಬರು ಮಾಡಿದ ಭಾಷಣ)



ರಾಜ್ಯೋತ್ಸವದ ಹೊತ್ತಿನಲ್ಲಿ ಈ ವೇದಿಕೆಯ ಮೇಲೆ ಸಾಹಿತ್ಯವನ್ನು ಕುರಿತೋ ಸಂಗೀತವನ್ನು ಕುರಿತೋ ಬಲ್ಲವರು ಮಾತನಾಡುವುದು ನಡೆದುಬಂದ ವಾಡಿಕೆ. ನಾನು ಸಾಹಿತಿಯಲ್ಲ; ರಾಗದ ಗಂಧವೂ ನನಗಿಲ್ಲ. ಇದೇ ಪುಣೆಯ ಕಾರಖಾನೆಯೊಂದರಲ್ಲಿ ಮೂವತ್ತು ವರ್ಷ ಯಂತ್ರಗಳೊಡನೆ ಕಾಲ ಕಳೆದವನು. ಆದರೂ ಕಾರ್ಯದರ್ಶಿಗಳು ಮನೆಗೆ ಬಂದು, "ನಿಮ್ಮ ತಂತಿಯ ಹುಚ್ಚನ್ನು ಕುರಿತೇ ನಾಲ್ಕು ಮಾತು ಹೇಳಿರಿ, ಮಕ್ಕಳಿಗೂ ತಿಳಿಯಲಿ" ಎಂದು ಒತ್ತಾಯಪಡಿಸಿದರು. ಹುಚ್ಚು ಎಂದು ಅವರು ಅಂದದ್ದು ಸರಿಯಾಗಿಯೇ ಇದೆ. ರವಿವಾರ ಬಂತೆಂದರೆ ಚೀಲವನ್ನು ಹೆಗಲಿಗೇರಿಸಿ, ಗುಡ್ಡ ಹತ್ತಿ, ಅಲ್ಲೊಂದು ತಂತಿ ಕಟ್ಟಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂಡುವವನನ್ನು ಮತ್ತೇನೆಂದು ಕರೆಯಬೇಕು? ನನ್ನ ಮನೆಯಾಕೆ ಬಹಳ ದಿನಗಳಿಂದ ಹಾಗೆಯೇ ಕರೆಯುತ್ತಿದ್ದಾಳೆ.

ಆದಕಾರಣ ಈ ಹೊತ್ತಿನ ನನ್ನ ವಿಷಯ ಇಷ್ಟೇ: ಹವ್ಯಾಸಿ ರೇಡಿಯೋದವನು ಬಯಲಿಗೆ ಹೋಗುವಾಗ ಹೊತ್ತೊಯ್ಯಬೇಕಾದ ಏರಿಯಲ್ ಯಾವುದು, ಅದನ್ನು ಆರಿಸುವುದು ಹೇಗೆ? ಈಗಿನವರು ಇದಕ್ಕೆ ಆಂಟೆನಾ ಎನ್ನುತ್ತಾರೆ. ನಮ್ಮ ತಂದೆಯವರು ಹಿತ್ತಲಿನಲ್ಲಿ ಎರಡು ಬಿದಿರುಗಳ ನಡುವೆ ತಂತಿ ಎಳೆದು ವಾರ್ತೆ ಕೇಳುತ್ತಿದ್ದಾಗ ಏರಿಯಲ್ ಎಂದೇ ಹೆಸರಿತ್ತು. ನಾನು ಆ ಹಳೆಯ ಹೆಸರನ್ನೇ ಹಿಡಿಯುತ್ತೇನೆ.

ಮೊದಲು ಈ ಹವ್ಯಾಸವನ್ನು ಕುರಿತು ಎರಡು ಮಾತು. ಸರಕಾರದ ಪರೀಕ್ಷೆ ಕೊಟ್ಟು, ಪರವಾನಗಿ ಪಡೆದು, ತನ್ನದೇ ಆದ ಒಂದು ಕರೆಹೆಸರು ಹೊಂದಿ, ಲಾಭದ ಆಸೆಯಿಲ್ಲದೆ ಜಗತ್ತಿನ ಇತರ ಹವ್ಯಾಸಿಗಳೊಡನೆ ನಿಸ್ತಂತುವಿನ ಮೂಲಕ ಮಾತನಾಡುವುದೇ ಹವ್ಯಾಸಿ ರೇಡಿಯೋ. ಹೀಗೆ ಮಾತನಾಡುವವರನ್ನು 'ಹ್ಯಾಮ್' ಎನ್ನುವುದು ರೂಢಿ. ನಮ್ಮ ದೇಶದವರ ಕರೆಹೆಸರು ಸಾಮಾನ್ಯವಾಗಿ 'ವಿಯು' ಎಂಬ ಅಕ್ಷರಗಳಿಂದ ಮೊದಲಾಗುತ್ತದೆ. ಕನ್ನಡ ನಾಡಿಗೆ ಇಂಥ ಉತ್ಸಾಹ ಹೊಸದಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವ್ಯಾಟಿನ ಸಣ್ಣ ಪ್ರೇಷಕವನ್ನಿಟ್ಟು ಪ್ರಸಾರ ಆರಂಭಿಸಿದರು. ಆ ಮನೆಯ ನಿಲಯಕ್ಕಿದ್ದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಸಂದಿತು. ಅವರದು ಪ್ರಸಾರ, ನಮ್ಮದು ಪರಸ್ಪರ ಮಾತುಕತೆ. ಆದರೆ ಮನೆಯ ಮೂಲೆಯಲ್ಲಿ ಕುಳಿತು ಆಕಾಶವನ್ನು ಕೈಯಾರೆ ಮಾತನಾಡಿಸುವ ಹಂಬಲ ಒಂದೇ.

ಮೂವತ್ತು ವ್ಯಾಟ್ ಎಂದರೆ ಹಳೆಯ ಕಾಲದ ಒಂದು ಮಂಕು ಬಲ್ಬಿನ ಶಕ್ತಿ. ನಾನು ಗುಡ್ಡಕ್ಕೆ ಒಯ್ಯುವ ರೇಡಿಯೋದ್ದು ಅದರಲ್ಲಿಯೂ ಮೂರರಲ್ಲೊಂದು ಪಾಲು, ಬರಿಯ 10 ವ್ಯಾಟ್. ಆ ಅಲ್ಪವನ್ನು ಪೋಲು ಮಾಡದೆ ಆಕಾಶಕ್ಕೆ ದಾಟಿಸುವ ಹೊಣೆ ಏರಿಯಲ್ಲಿನದು. ರೇಡಿಯೋ ಎಷ್ಟೇ ಬೆಲೆಬಾಳುವುದಾಗಿರಲಿ, ಏರಿಯಲ್ ಸರಿಯಿಲ್ಲದಿದ್ದರೆ ಅದು ತೂತಿನ ಕೊಡದಲ್ಲಿ ನೀರು ಹೊತ್ತಂತೆ.

ಈ ಪಾಠವನ್ನು ನಾನು ಕಲಿತದ್ದು 2019ರ ಆಗಸ್ಟ್ ತಿಂಗಳ ಮಳೆಯಲ್ಲಿ. ತಮ್ಮಲ್ಲಿ ಅನೇಕರಿಗೆ ಆ ದಿನಗಳು ಮರೆತಿರಲಾರವು. ಕೃಷ್ಣೆ, ಪಂಚಗಂಗೆಗಳು ಏರಿ ಸಾಂಗಲಿ, ಕೊಲ್ಹಾಪುರಗಳು ನೀರಿನಲ್ಲಿ ನಿಂತಿದ್ದವು. ಕೊಲ್ಹಾಪುರದ ಹತ್ತಿರ ಹೆದ್ದಾರಿಯ ಮೇಲೆ ನೀರು ಬಂದು ಪುಣೆ-ಬೆಂಗಳೂರು ದಾರಿ ಹಲವು ದಿನ ಮುಚ್ಚಿತ್ತು. ನಮ್ಮ ಅಕ್ಕನ ಮನೆ ಚಿಕ್ಕೋಡಿ ಸೀಮೆಯಲ್ಲಿ, ಕೃಷ್ಣೆಯ ದಂಡೆಯ ಒಂದು ಹಳ್ಳಿಯಲ್ಲಿ. ಭಾವನವರಿಗೆ ಎಪ್ಪತ್ತು ದಾಟಿದೆ. ಕೊನೆಯ ಸಲ ಫೋನಿನಲ್ಲಿ ಅಕ್ಕ, "ಹಿತ್ತಲದಾಗ ನೀರು ಬಂದೈತಿ ತಮ್ಮಾ" ಎಂದಿದ್ದಳು. ಆಮೇಲೆ ಹಳ್ಳಿಯಲ್ಲಿ ವಿದ್ಯುತ್ತು ಹೋಗಿ ಅವಳ ಫೋನು ಸತ್ತಿತು. ಬೆಳಗಾವಿಯಲ್ಲಿ ನನ್ನಂತೆಯೇ ಹವ್ಯಾಸಿಯಾದ ಗೆಳೆಯರೊಬ್ಬರಿದ್ದಾರೆ. ಅವರ ಮೊಬೈಲನ್ನು ಎಷ್ಟು ಸಲ ಒತ್ತಿದರೂ ಆ ದಿನ ಕರೆ ಸೇರಲಿಲ್ಲ. ಆದರೆ ಅವರು ದಿನವೂ ಬೆಳಗ್ಗೆ ಮತ್ತು ಮಧ್ಯಾಹ್ನ ಗೊತ್ತಾದ ಹೊತ್ತಿಗೆ 7 ಮೆಗಾಹರ್ಟ್ಸಿನ ಪಟ್ಟಿಯಲ್ಲಿ ಬರುವವರು. ಅದೊಂದೇ ನನಗೆ ಉಳಿದ ದಾರಿ.

ನಮ್ಮ ವಸತಿ ಕಟ್ಟಡದ ಗಚ್ಚಿಯ ಮೇಲೆ ತಂತಿ ಕಟ್ಟಲು ಅಪ್ಪಣೆಯಿಲ್ಲ. ಅದಲ್ಲದೆ ಪೇಟೆಯ ಮನೆಗಳಲ್ಲಿ ಎಲ್‌ಇಡಿ ದೀಪ, ಚಾರ್ಜರು ಮುಂತಾದವುಗಳು ಎಬ್ಬಿಸುವ ಗರಗರ ಸದ್ದಿನಲ್ಲಿ ಮೆಲುದನಿಗಳು ಮುಳುಗಿಹೋಗುತ್ತವೆ. ಆದ್ದರಿಂದ ಮಗನನ್ನು ಜೊತೆಗೆ ಕರೆದುಕೊಂಡು ಊರ ಹೊರಗಿನ ಒಂದು ಗುಡ್ಡಕ್ಕೆ ಹೋದೆ. ಅಲ್ಲಿ ದೇವಿಯ ಗುಡಿಯೊಂದಿದೆ. ಅದರ ಮುಂದಿನ ಮಂಟಪದಲ್ಲಿ ಮಳೆಗೆ ಆಸರೆ. ನನ್ನ ಚೀಲದಲ್ಲಿದ್ದದ್ದು ಹಿಂದಿನ ವರ್ಷವಷ್ಟೇ ಕೊಂಡಿದ್ದ ಮಡಚುವ ಸರಳಿನ ಏರಿಯಲ್: ಎರಡೂವರೆ ಮೀಟರಿನ ಎಳೆದು ಉದ್ದಮಾಡುವ ಸರಳು, ಬುಡದಲ್ಲಿ ತಾಮ್ರದ ಸುರುಳಿ, ಕೆಳಗೆ ಮುಕ್ಕಾಲಿ. ಕೊಡೆಯಂತೆ ಎರಡು ನಿಮಿಷದಲ್ಲಿ ಬಿಚ್ಚಿ ನಿಲ್ಲಿಸಬಹುದು. ಇದೇ ಸರಳಿನಿಂದ ನಾನು 14 ಮೆಗಾಹರ್ಟ್ಸಿನಲ್ಲಿ ಜಪಾನಿನವರೊಡನೆಯೂ ಇಟಲಿಯವರೊಡನೆಯೂ ಮಾತನಾಡಿ ಬೀಗಿದ್ದೆ. ಇಟಲಿಯನ್ನು ಮುಟ್ಟಿದ್ದು ಬೆಳಗಾವಿಯನ್ನು ಮುಟ್ಟದೇ?

ಮುಟ್ಟಲಿಲ್ಲ. ಸುರುಳಿಯನ್ನು 7 ಮೆಗಾಹರ್ಟ್ಸಿಗೆ ಹೊಂದಿಸಿ ಒಂದು ಗಂಟೆ ಕೂಗಿದೆ. ಮಾಪಕದ ಮುಳ್ಳು ಎಲ್ಲವೂ ಸರಿಯಾಗಿದೆಯೆಂದು ತೋರಿಸುತ್ತಿತ್ತು. ಬೆಳಗಾವಿಯವರ ದನಿ ಮಾತ್ರ ಇಲ್ಲ. ಅವರಿಗೆ ನನ್ನದೂ ಕೇಳುತ್ತಿರಲಿಲ್ಲ. ಸಾವಿರಾರು ಮೈಲಿ ದೂರದ ಪರದೇಶಿಯೊಡನೆ ಹವೆಯ ಮಾತನಾಡಿದವನಿಗೆ, 300 ಕಿಲೋಮೀಟರಿನಾಚೆಯ ಒಡಹುಟ್ಟಿದವಳ ಸುದ್ದಿ ತಿಳಿಯದಾಯಿತು.

ಇದು ಹೇಗೆ? ಇದನ್ನು ತಿಳಿದರೆ ಏರಿಯಲ್ ಆರಿಸುವ ವಿದ್ಯೆಯಲ್ಲಿ ಮುಕ್ಕಾಲು ಪಾಲು ತಿಳಿದಂತೆ.

ಮಕ್ಕಳೇ, ಈ ಸಭಾಗೃಹದ ಚಾವಣಿಯನ್ನು ನೋಡಿರಿ. ನಡುವೆ ಕುಳಿತ ಹುಡುಗನೊಬ್ಬ ರಬ್ಬರಿನ ಚೆಂಡನ್ನು ನೇರವಾಗಿ ಮೇಲಕ್ಕೆ ಎಸೆದರೆ ಅದು ಚಾವಣಿಗೆ ತಾಗಿ ಅವನ ಅಕ್ಕಪಕ್ಕದವರ ತಲೆಯ ಮೇಲೆ ಬೀಳುತ್ತದೆ. ಓರೆಯಾಗಿ ಎಸೆದರೆ ದೂರದ ಬಾಗಿಲ ಬಳಿ ಕುಳಿತವರಿಗೆ ತಲುಪುತ್ತದೆ. ನಡುವೆ ಕುಳಿತವರಿಗೆ ಚೆಂಡು ಹೋದದ್ದೇ ಗೊತ್ತಾಗುವುದಿಲ್ಲ. ನಮ್ಮ ತಲೆಯ ಮೇಲೆ ಸುಮಾರು 300 ಕಿಲೋಮೀಟರು ಎತ್ತರದಲ್ಲಿ ಇಂಥದೇ ಒಂದು ಚಾವಣಿಯಿದೆ. ಸೂರ್ಯನ ಕಿರಣಗಳು ವಾಯುವಿನ ಕಣಗಳನ್ನು ಒಡೆದು ನಿರ್ಮಿಸಿದ ಆ ಪದರಕ್ಕೆ ಅಯಾನುಗೋಳವೆಂದು ಹೆಸರು. ನಮ್ಮ ಅಲೆಗಳು ಅದಕ್ಕೆ ತಾಗಿ ಬಾಗಿ ಮರಳಿ ನೆಲಕ್ಕೆ ಬರುತ್ತವೆ.

ಈಗ ಏರಿಯಲ್ಲಿಗೆ ಬರೋಣ. ನೆಟ್ಟಗೆ ನಿಂತ ಸರಳು ತನ್ನ ಶಕ್ತಿಯನ್ನು ಸುತ್ತಲೂ ಓರೆಯಾಗಿ ದಿಗಂತದ ಕಡೆಗೆ ಎಸೆಯುತ್ತದೆ. ತನ್ನ ನೆತ್ತಿಯ ಮೇಲಕ್ಕೆ ಅದು ಏನನ್ನೂ ಕಳಿಸದು. ನೆಲಕ್ಕೆ ಹತ್ತಿರವಾಗಿ ಅಡ್ಡಲಾಗಿ ಕಟ್ಟಿದ ತಂತಿ ತನ್ನ ಶಕ್ತಿಯ ಬಹುಪಾಲನ್ನು ಮೇಲಕ್ಕೆ ಎಸೆಯುತ್ತದೆ. ಅದು ಮಳೆಯಂತೆ ಸುತ್ತಲಿನ ಮುನ್ನೂರು, ನಾನ್ನೂರು ಕಿಲೋಮೀಟರುಗಳಲ್ಲಿ ಬೀಳುತ್ತದೆ. ಪುಣೆಯಿಂದ ಬೆಳಗಾವಿಗೆ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 300 ಕಿಲೋಮೀಟರು. ನಡುವೆ ಸಹ್ಯಾದ್ರಿಯ ಎಷ್ಟು ಬೆಟ್ಟಗಳಿದ್ದರೂ ಮೇಲಿನಿಂದ ಬೀಳುವ ಅಲೆಗೆ ಅಡ್ಡಿಯಿಲ್ಲ. ನನ್ನ ಸರಳಿನಿಂದ ನೆಲ ಹಿಡಿದು ಹೋಗುವ ಅಲೆ ಕೆಲವು ಹತ್ತು ಕಿಲೋಮೀಟರುಗಳಲ್ಲಿ ಸೋತುಹೋಗುತ್ತದೆ; ಆಕಾಶದಿಂದ ಮರಳುವ ಅಲೆ ಬೆಳಗಾವಿಯನ್ನು ಹಾರಿ ಮುಂದೆಲ್ಲೋ ಬೀಳುತ್ತದೆ. ನಮ್ಮೂರು ಆ ನಡುವಿನ ಕುರುಡು ಪಟ್ಟಿಯಲ್ಲಿ ಸಿಕ್ಕಿಕೊಂಡಿತ್ತು.

ಚಾವಣಿಗೂ ಒಂದು ಮಿತಿಯುಂಟು. ಕಂಪನಸಂಖ್ಯೆ ಹೆಚ್ಚಾದ ಅಲೆಯನ್ನು ನೇರವಾಗಿ ಎಸೆದರೆ ಅದು ಚಾವಣಿಯನ್ನು ತೂರಿಕೊಂಡು ಹೊರಟುಹೋಗುತ್ತದೆ. 14 ಮೆಗಾಹರ್ಟ್ಸಿನ ಗತಿ ಸಾಮಾನ್ಯವಾಗಿ ಇದೇ. ಅದು ಓರೆಯಾಗಿ ತಾಗಿದರೆ ಮಾತ್ರ ಮರಳುತ್ತದೆ. ಆದ್ದರಿಂದಲೇ ಅದು ದೂರದೇಶದ ಪಟ್ಟಿ. ಹಗಲಿನಲ್ಲಿ ನೆರೆಯ ಜಿಲ್ಲೆಗಳ ಮಾತಿಗೆ 7 ಮೆಗಾಹರ್ಟ್ಸ್ ಒದಗಿಬರುತ್ತದೆ. ಸೂರ್ಯ ಮುಳುಗಿದ ಮೇಲೆ ಚಾವಣಿ ತೆಳುವಾಗಿ 7ರಲ್ಲಿಯೂ ಹತ್ತಿರದವರ ದನಿ ಕರಗಿ ದೂರದವರದು ಏಳುತ್ತದೆ, ಆಗ 3.5ರ ಪಟ್ಟಿಗೆ ಇಳಿಯಬೇಕು, ತಂತಿಯ ಉದ್ದ ಇಮ್ಮಡಿಯಾಗಬೇಕು.

ಹೀಗಾಗಿ ಏರಿಯಲ್ ಆರಿಸುವವನು ಅಂಗಡಿಯವನನ್ನು ಕೇಳುವ ಮೊದಲು ತನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ: ನಾನು ಮಾತನಾಡಬೇಕಾದವರು ಯಾರು, ಎಲ್ಲಿದ್ದಾರೆ, ಯಾವ ಹೊತ್ತಿನಲ್ಲಿ? ಭಾರ, ಬೆಲೆ, ಅಂದ ಇವೆಲ್ಲ ಆಮೇಲಿನ ಮಾತು.

ಇನ್ನು ಬಗೆಗಳನ್ನು ಒಂದೊಂದಾಗಿ ನೋಡೋಣ.

ಎಲ್ಲಕ್ಕೂ ಹಿರಿಯದು ಅರ್ಧ ಅಲೆಯ ತಂತಿ. ಇದರ ಲೆಕ್ಕ ಪ್ರಾಥಮಿಕ ಶಾಲೆಯ ಮಕ್ಕಳಿಗೂ ಬಂದೀತು. 300ನ್ನು ಮೆಗಾಹರ್ಟ್ಸಿನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಬರುತ್ತದೆ. ಅದರ ಅರ್ಧಕ್ಕಿಂತ ತಂತಿ ತುಸು ಗಿಡ್ಡವಿರಬೇಕಾದುದರಿಂದ 143ನ್ನು ಭಾಗಿಸುವುದು ರೂಢಿ. 7.1 ಮೆಗಾಹರ್ಟ್ಸಿಗೆ 20 ಮೀಟರು, 14.2ಕ್ಕೆ 10 ಮೀಟರು. ಆ ತಂತಿಯನ್ನು ನಡುವೆ ಕಡಿದು, ಎರಡು ತುದಿಗಳನ್ನು ಕೋಆಕ್ಸಿಯಲ್ ಕೇಬಲಿನ ಎರಡು ವಾಹಕಗಳಿಗೆ ಬೆಸೆದರೆ ಏರಿಯಲ್ ಸಿದ್ಧ. ಮನೆಯ ವಿದ್ಯುತ್ ಕೆಲಸದಲ್ಲಿ ಮಿಕ್ಕ ತೆಳು ತಂತಿಯೂ ನಡೆದೀತು. ಪ್ಲಾಸ್ಟಿಕ್ ಹೊದಿಕೆಯ ತಂತಿ ಲೆಕ್ಕಕ್ಕಿಂತ ಇನ್ನೂ ಸ್ವಲ್ಪ ಗಿಡ್ಡವಾದೀತು. ಆದಕಾರಣ ಉದ್ದವಾಗಿಯೇ ಕೊಯ್ದು, ತುದಿಗಳನ್ನು ಹಿಂದಕ್ಕೆ ಮಡಚಿ ಸುತ್ತುತ್ತ ಹೊಂದಿಸಿರಿ. ಕೊಯ್ದ ತಂತಿ ಮತ್ತೆ ಬೆಳೆಯದು.

ಎರಡು ಮರಗಳು ಸಿಕ್ಕುವಲ್ಲಿ ಇದನ್ನು ಅಡ್ಡಲಾಗಿ ಎಳೆಯಬಹುದು. ಒಂದೇ ಆಸರೆಯಿದ್ದರೆ ನಡುವನ್ನು ಎತ್ತಿ ಕಟ್ಟಿ, ಎರಡು ಕೈಗಳನ್ನು ಇಳಿಬಿಟ್ಟು ತಲೆಕೆಳಗಾದ ಇಂಗ್ಲಿಷಿನ 'ವಿ' ಆಕಾರ ಮಾಡಬಹುದು. ಕೈಗಳ ನಡುವಣ ಕೋನ 90 ಡಿಗ್ರಿಗೆ ಕಡಿಮೆಯಾಗದಿರಲಿ. ಆರೇಳು ಮೀಟರಿನ ಎತ್ತರವಿದ್ದರೆ ನೆರೆನಾಡಿನ ಮಾತಿಗೆ ಧಾರಾಳವಾಯಿತು. ಎತ್ತರ ಸಾಲದೆಂದು ಕೊರಗುವ ಕಾರಣವಿಲ್ಲ. ಹತ್ತಿರದವರಿಗೆ ತಗ್ಗಿನ ತಂತಿಯೇ ಮೇಲು.

ಗುಡ್ಡದ ಮಂಟಪದಲ್ಲಿ ಕುಳಿತು ಇಷ್ಟೆಲ್ಲ ನೆನಪಿಗೆ ಬಂದಾಗ ನನ್ನ ಕಾರಿನ ಡಿಕ್ಕಿಯಲ್ಲಿ ಹಳೆಯ ತಂತಿಯ ಸಿಂಬಿಯೊಂದು ಬಿದ್ದಿತ್ತು. ಮಗ ಓಡಿಹೋಗಿ ತಂದ. ಹೆಜ್ಜೆಯಿಂದ ಅಳೆದು ಹತ್ತು ಹತ್ತು ಮೀಟರಿನ ಎರಡು ತುಂಡು ಮಾಡಿದೆವು. ಒಂದು ತುದಿಯನ್ನು ಮಂಟಪದ ಕಂಬಕ್ಕೆ, ಇನ್ನೊಂದನ್ನು ಎದುರಿನ ಬೇವಿನ ಮರಕ್ಕೆ ನೈಲಾನ್ ಹುರಿಯಿಂದ ಬಿಗಿದೆವು. ನೆಲದಿಂದ ನಾಲ್ಕು ಮೀಟರೂ ಇರಲಿಲ್ಲ, ನಡುವೆ ಜೋತುಬಿದ್ದಿತ್ತು. ಮಧ್ಯಾಹ್ನದ ಗೊತ್ತಿನ ಹೊತ್ತಿಗೆ ಕೂಗಿದೆ. ಎರಡನೆಯ ಕೂಗಿಗೇ ಮರುದನಿ ಬಂತು: "ಹೇಳ್ರೀ ಸರ, ನಿಮ್ಮ ದನಿ ಛಲೋ ಕೇಳಾಕತ್ತೈತಿ. ಮುಂಜಾನಿಂದ ಎಲ್ಲಿ ಹೋಗಿದ್ರಿ?" ಅದೇ ರೇಡಿಯೋ, ಅದೇ ಹತ್ತು ವ್ಯಾಟ್, ಅದೇ ಗುಡ್ಡ. ಬದಲಾದದ್ದು ತಂತಿಯೊಂದೇ. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಮಗ ನೋಡಿದನೋ ಇಲ್ಲವೋ. ನೋಡಿದ್ದರೂ ಮಳೆಯ ನೀರೆಂದುಕೊಂಡಿರಬೇಕು.

ಹಳ್ಳಿಯ ಹೆಸರು, ಭಾವನವರ ಹೆಸರು ಬರೆದುಕೊಂಡು ಅವರು, "ನಾಳೆ ಇದೇ ಹೊತ್ತಿಗೆ ಬರ್ರಿ, ನಾ ವಿಚಾರಿಸಿ ಹೇಳತೇನಿ" ಎಂದರು. ಮರುದಿನ ಅದೇ ತಂತಿಯ ಕೆಳಗೆ ಕುಳಿತು ಕೇಳಿದೆವು. ಊರವರನ್ನೆಲ್ಲ ದೋಣಿಯಲ್ಲಿ ದಾಟಿಸಿದ್ದಾರೆ. ಅಕ್ಕ, ಭಾವ ಇಬ್ಬರೂ ಶಾಲೆಯೊಂದರ ಗಂಜಿ ಕೇಂದ್ರದಲ್ಲಿ ಸುಖವಾಗಿದ್ದಾರೆ. ಎರಡು ಎಮ್ಮೆಗಳ ಪೈಕಿ ಒಂದು ಸಿಕ್ಕಿಲ್ಲ. ಎಮ್ಮೆಯ ಸುದ್ದಿ ಕೇಳಿದಾಗಲೇ ಇದು ನಿಜವಾಗಿಯೂ ಅಕ್ಕನೇ ಹೇಳಿ ಕಳಿಸಿದ್ದೆಂದು ನನಗೆ ಪೂರಾ ನಂಬಿಕೆ ಬಂತು.

ಎರಡನೆಯ ಬಗೆ, ತುದಿಯಿಂದ ಶಕ್ತಿ ಉಣಿಸುವ ಅರ್ಧ ಅಲೆಯ ತಂತಿ. ಇದನ್ನು ನಡುವೆ ಕಡಿಯುವುದಿಲ್ಲ. ಇಪ್ಪತ್ತು ಮೀಟರಿನ ಒಂದೇ ಎಳೆ. ಒಂದು ತುದಿ ರೇಡಿಯೋದ ಹತ್ತಿರ, ಇನ್ನೊಂದು ಮರದ ಮೇಲೆ. ತುದಿಯಲ್ಲಿ ರೋಧವು ಎರಡು ಮೂರು ಸಾವಿರ ಓಮಿನಷ್ಟಿರುವುದರಿಂದ ಅದನ್ನು ಕೇಬಲಿನ 50 ಓಮಿಗೆ ಇಳಿಸಲು 49ಕ್ಕೆ 1ರ ಪ್ರಮಾಣದ ಸಣ್ಣ ಟ್ರಾನ್ಸ್‌ಫಾರ್ಮರ್ ಬೇಕು. ಫೆರೈಟ್ ಉಂಗುರಕ್ಕೆ ತಂತಿ ಸುತ್ತಿ ಅದನ್ನು ಮನೆಯಲ್ಲಿಯೇ ಮಾಡಬಹುದು. ಇದರ ದೊಡ್ಡ ಗುಣವೆಂದರೆ 7ಕ್ಕೆ ಹೊಂದಿಸಿದ ತಂತಿ 14, 21, 28 ಮೆಗಾಹರ್ಟ್ಸಿನ ಪಟ್ಟಿಗಳಲ್ಲಿಯೂ ದುಡಿಯುತ್ತದೆ. ತಗ್ಗಾಗಿ ಎಳೆದರೆ 7ರಲ್ಲಿ ನೆರೆನಾಡು, ಓರೆಯಾಗಿ ಎತ್ತಿ ಕಟ್ಟಿದರೆ 14ರಲ್ಲಿ ಪರದೇಶ. ದೋಷವೂ ಉಂಟು: ಉಂಗುರ ಚಿಕ್ಕದಾದರೆ ಅದು ಬಿಸಿಯಾಗಿ ಶಕ್ತಿಯನ್ನು ನುಂಗುತ್ತದೆ; ಹತ್ತೇ ವ್ಯಾಟಿಗೂ ತುದಿಯಲ್ಲಿ ನೂರೈವತ್ತು ವೋಲ್ಟು ಏಳುವುದರಿಂದ ಮಾತನಾಡುವಾಗ ಅದನ್ನು ಮುಟ್ಟಬಾರದು. ಒಂದೇ ಏರಿಯಲ್ ಕೊಳ್ಳುವೆನೆನ್ನುವ ಹೊಸಬರಿಗೆ ನಾನು ಹೇಳುವುದು ಇದನ್ನೇ.

ಮೂರನೆಯದು ನೆಟ್ಟ ಸರಳು. ಇದನ್ನು ಬೈಯುವುದು ನನ್ನ ಉದ್ದೇಶವಲ್ಲ. 14 ಮೆಗಾಹರ್ಟ್ಸಿಗೆ ಕಾಲು ಅಲೆ ಎಂದರೆ 5 ಮೀಟರು. ಅಷ್ಟು ಪೂರ್ಣ ಉದ್ದಕ್ಕೆ ಎಳೆಯಬಲ್ಲ ಸರಳನ್ನು ನಿಲ್ಲಿಸಿ, ಬುಡದಿಂದ ನಾಲ್ಕಾರು ತಂತಿಗಳನ್ನು ಚಕ್ರದ ಕಡ್ಡಿಗಳಂತೆ ನೆಲದ ಮೇಲೆ ಹರಡಿದರೆ ದೂರದೇಶಗಳಿಗೆ ಅದು ಬಲು ಸೊಗಸಾದ ಏರಿಯಲ್. ಮರವಿಲ್ಲದ ಬೋಳು ನೆತ್ತಿಯ ಮೇಲೆ, ಜಾಗ ಕಿರಿದಾದಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ನೆಲದ ತಂತಿಗಳನ್ನು ಸೋಮಾರಿತನದಿಂದ ಬಿಟ್ಟರೆ ಶಕ್ತಿಯು ಮಣ್ಣನ್ನು ಕಾಯಿಸುವುದಕ್ಕೆ ಹೋಗುತ್ತದೆ.

ಕಷ್ಟವಿರುವುದು ಗಿಡ್ಡ ಸರಳಿನಲ್ಲಿ. ನನ್ನ ಎರಡೂವರೆ ಮೀಟರಿನ ಸರಳನ್ನೇ ತೆಗೆದುಕೊಳ್ಳಿ. 7 ಮೆಗಾಹರ್ಟ್ಸಿನಲ್ಲಿ ಅಲೆ 42 ಮೀಟರು. ಸರಳು ಅದರ ಹದಿನೇಳನೆಯ ಒಂದು ಪಾಲು. ಇಂಥದರ ಹೊರಸೂಸುವ ರೋಧ ಲೆಕ್ಕ ಮಾಡಿದರೆ ಒಂದೂವರೆ ಓಮೂ ಇಲ್ಲ. ಸುರುಳಿಯಲ್ಲಿಯೂ ನೆಲದಲ್ಲಿಯೂ ಸೋರುವ ರೋಧ 15 ಓಮೆಂದು ಹಿಡಿಯಿರಿ. ಆಗ ನೂರರಲ್ಲಿ ಎಂಟು ಪಾಲು ಆಕಾಶಕ್ಕೆ, ತೊಂಬತ್ತೆರಡು ಪಾಲು ಬಿಸಿಗೆ. ಹತ್ತು ವ್ಯಾಟಿನಲ್ಲಿ ಒಂದು ವ್ಯಾಟೂ ಹೊರಬೀಳಲಿಲ್ಲ. ಬಿದ್ದದ್ದೂ ಬೆಳಗಾವಿಯನ್ನು ಹಾರಿಹೋಯಿತು. ಅದೇ ಸರಳು 14ರಲ್ಲಿ ಅಲೆಯ ಎಂಟೂವರೆ ಪಾಲಿಗೆ ಒಂದರಷ್ಟು ಉದ್ದವಾಗುವುದರಿಂದ ಅಲ್ಲಿ ಅದರ ಬಾಳು ಎಷ್ಟೋ ವಾಸಿ. ನಾನು ಜಪಾನಿನವರೊಡನೆ ಬೀಗಿದ್ದರ ಗುಟ್ಟು ಇಷ್ಟೇ.

ನಾಲ್ಕನೆಯದು ಬಳೆಯ ಏರಿಯಲ್. ಸುಮಾರು ಒಂದು ಮೀಟರು ಅಡ್ಡಳತೆಯ ತಾಮ್ರದ ಬಳೆ, ತುದಿಗಳ ನಡುವೆ ತಿರುಗಿಸುವ ಕೆಪಾಸಿಟರ್. ನೆಲದ ತಂತಿ ಬೇಡ, ಮರ ಬೇಡ; ಬಾಲ್ಕನಿಯಲ್ಲಿ ಇಟ್ಟುಕೊಂಡೂ ಮಾತನಾಡಬಹುದು. ಬಾಡಿಗೆ ಮನೆಯಲ್ಲಿರುವ ನಮ್ಮ ತರುಣರಿಗೆ ಇದು ವರವೆಂದೇ ಹೇಳಬೇಕು. ಆದರೆ ಕಂಪನಸಂಖ್ಯೆ ಕೊಂಚ ಬದಲಾದರೂ ಮತ್ತೆ ಹೊಂದಿಸಬೇಕು. ಹತ್ತು ವ್ಯಾಟಿಗೇ ಕೆಪಾಸಿಟರಿನ ಮೇಲೆ ಸಾವಿರ ವೋಲ್ಟು ಮೀರಬಹುದು. 7ರಲ್ಲಿ ಇಷ್ಟು ಚಿಕ್ಕ ಬಳೆಯ ಕಸುವು ಬಹಳ ಕಡಿಮೆ.

ಕೊನೆಯದಾಗಿ ಕೈಯಲ್ಲಿ ಹಿಡಿಯುವ ಸಣ್ಣ ರೇಡಿಯೋಗಳು. ಇವು 145 ಮೆಗಾಹರ್ಟ್ಸಿನ ಆಸುಪಾಸಿನಲ್ಲಿ, ಬಹುಮಟ್ಟಿಗೆ ಕಣ್ಣಿಗೆ ಕಾಣುವಷ್ಟು ದೂರಕ್ಕೆ ಮಾತ್ರ ದುಡಿಯುತ್ತವೆ. ಚಾರಣಕ್ಕೆ ಹೋದವರು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳಲು ಇವೇ ತಕ್ಕವು. ರೇಡಿಯೋದ ಜೊತೆಗೆ ಬರುವ ಬೆರಳುದ್ದದ ರಬ್ಬರಿನ ಕೋಲನ್ನು ತೆಗೆದು, ಅರ್ಧ ಮೀಟರಿನ ಕಾಲು ಅಲೆಯ ಸರಳು ಹಾಕಿದರೇ ಫರಕು ತಿಳಿಯುತ್ತದೆ. ಹಿಂದೆ ಮನೆಯ ಮೇಲಿನ ಟೀವಿ ಏರಿಯಲ್ಲಿನಿಂದ ಇಳಿದುಬರುತ್ತಿದ್ದ ಚಪ್ಪಟೆಯ ಜೋಡಿತಂತಿ ನೆನಪಿದೆಯೇ? ಅಟ್ಟದ ಮೇಲೆ ಒಂದೂವರೆ ಮೀಟರು ಸಿಕ್ಕಿದರೆ ಸಾಕು. 'ಜೆ' ಆಕಾರದ ಒಳ್ಳೆಯ ಏರಿಯಲ್ ಆಗುತ್ತದೆ, ಸುತ್ತಿ ಕಿಸೆಯಲ್ಲಿಡಬಹುದು. ದರ್ಜಿಯವರಂತೆ ಬಡಗಿಗಳೂ ಬಳಸುವ ಅಳತೆಪಟ್ಟಿಯಲ್ಲಿ ಉಕ್ಕಿನದನ್ನು ಕೊಯ್ದು, ಪಿವಿಸಿ ಕೊಳವೆಗೆ ಬಿಗಿದು ಮೂರು ಕಡ್ಡಿಯ ಯಾಗಿ ಮಾಡುವವರೂ ಇದ್ದಾರೆ. ಅದು ಬೇಕಾದ ದಿಕ್ಕಿಗೆ ಶಕ್ತಿಯನ್ನು ಕೂಡಿಸಿ ಕಳಿಸುತ್ತದೆ.

ಈಗ ಮಾಪಕದ ಮಾತು. ಏರಿಯಲ್ಲಿನಿಂದ ಎಷ್ಟು ಶಕ್ತಿ ರೇಡಿಯೋಗೆ ಮರಳುತ್ತದೆಂದು ತೋರಿಸುವ ಎಸ್.ಡಬ್ಲ್ಯು.ಆರ್. ಮಾಪಕವನ್ನು ಹೊಸಬರು ದೇವರಂತೆ ನಂಬುತ್ತಾರೆ. ಅದು 2ಕ್ಕೆ 1 ಎಂದು ತೋರಿಸಿದರೆ ಮರಳುವುದು ನೂರಕ್ಕೆ ಹನ್ನೊಂದು, 3ಕ್ಕೆ 1 ಎಂದರೆ ಇಪ್ಪತ್ತೈದು. 1ಕ್ಕೆ 1 ಇದ್ದರೆ ಏನೂ ಮರಳಲಿಲ್ಲ, ಒಳ್ಳೆಯದೇ. ಆದರೆ ಮರಳದ ಶಕ್ತಿ ಎಲ್ಲಿಗೆ ಹೋಯಿತೆಂಬುದನ್ನು ಮುಳ್ಳು ಹೇಳುವುದಿಲ್ಲ. ಏರಿಯಲ್ಲಿನ ಬದಲು 50 ಓಮಿನ ಒಂದು ರೋಧಕವನ್ನು ಸಿಕ್ಕಿಸಿದರೂ ಮುಳ್ಳು 1ಕ್ಕೆ 1 ಎಂದೇ ನಿಲ್ಲುತ್ತದೆ. ಮಾತು ಮಾತ್ರ ಪಕ್ಕದ ಕೋಣೆಯನ್ನೂ ದಾಟದು. ನನ್ನ ಸರಳು ಗುಡ್ಡದ ಮೇಲೆ ಮಾಡಿದ ಮೋಸ ಇದೇ. ಉಂಡವನು ಅನ್ನವನ್ನು ಅರಗಿಸಿಕೊಂಡನೋ ಚೆಲ್ಲಿದನೋ ಎಂಬುದನ್ನು ಬರಿದಾದ ಎಲೆ ನೋಡಿ ಹೇಳಲಾಗದು.

ನೆಲವನ್ನು ನೋಡಿಯೂ ಏರಿಯಲ್ ಆರಿಸಬೇಕು. ಮಲೆನಾಡಿನಲ್ಲಿ ಮರಗಳಿಗೆ ಬರವಿಲ್ಲ. ಹುರಿಯ ತುದಿಗೆ ಮರಳು ತುಂಬಿದ ಸಣ್ಣ ಚೀಲ ಕಟ್ಟಿ ಕೊಂಬೆಯ ಮೇಲಿಂದ ಎಸೆದರಾಯಿತು. ನಮ್ಮ ಪುಣೆಯ ಸುತ್ತಿನ ಗುಡ್ಡಗಳು ಕರಿಗಲ್ಲಿನವು; ಮರ ವಿರಳ, ಗೂಟ ಇಳಿಯದು. ಅಲ್ಲಿ ಮಡಚುವ ಗಾಳದ ಕೋಲಿನಂಥ ಏಳೆಂಟು ಮೀಟರಿನ ಗಳ ಬೇಕು. ಅದರ ಹಗ್ಗಗಳನ್ನು ದಪ್ಪ ಕಲ್ಲುಗಳಿಗೆ ಸುತ್ತಿ ಬಿಗಿಯಬೇಕು. ಗಳ ಗಾಜಿನ ನಾರಿನದಾಗಿರಲಿ. ಕಾರ್ಬನ್ ನಾರಿನದು ಹಗುರವಾದರೂ ವಿದ್ಯುತ್ತನ್ನು ಹಾಯಿಸುವುದರಿಂದ ಏರಿಯಲ್ಲಿನ ಲೆಕ್ಕ ಕೆಡಿಸುತ್ತದೆ. ಸಿಂಹಗಡದಂಥ ಕೋಟೆಗಳಲ್ಲಿ ಗೋಡೆಗಾಗಲಿ ಕಲ್ಲಿಗಾಗಲಿ ಮೊಳೆ ಹೊಡೆಯುವ ಮಾತೇ ಬೇಡ. ಅಪ್ಪಣೆ ಕೇಳಿ, ತಂದ ಗಳವನ್ನೇ ನಿಲ್ಲಿಸಿ, ಬಂದ ಗುರುತೂ ಉಳಿಯದಂತೆ ಹಿಂದಿರುಗಬೇಕು. ಅಲ್ಲಿ ಪ್ರಸಾರದ ಗೋಪುರವೂ ಇರುವುದರಿಂದ ಕೈರೇಡಿಯೋಗಳು ಅದರ ಅಬ್ಬರಕ್ಕೆ ಕಿವುಡಾಗಬಹುದು. ನಾಲ್ಕು ಹೆಜ್ಜೆ ಮರೆಗೆ ಸರಿಯುವುದು ಲೇಸು.

ಎಚ್ಚರಿಕೆಯ ಮಾತು ಮೂರು. ವಿದ್ಯುತ್ ತಂತಿಗಳು ಕಣ್ಣಿಗೆ ಬೀಳುವ ಕಡೆ, ಗಳ ಉರುಳಿದರೂ ತಾಗದಷ್ಟು ದೂರವಿರಿ; ಅವುಗಳ ಮೇಲಿಂದಾಗಲಿ ಕೆಳಗಿನಿಂದಾಗಲಿ ಎಂದೂ ತಂತಿ ಎಸೆಯಬೇಡಿರಿ. ಗುಡುಗು ಕೇಳಿದೊಡನೆ ಏರಿಯಲ್ ಕಳಚಿ ಗುಡ್ಡ ಇಳಿಯಿರಿ. ಹಗ್ಗಗಳಿಗೆ ಬಣ್ಣದ ಬಟ್ಟೆಯ ತುಂಡು ಕಟ್ಟಿರಿ. ಆಡಾಗಲಿ ಮಗುವಾಗಲಿ ಎಡವಿ ಬೀಳದಿರಲಿ.

ಇನ್ನೂ ಒಂದು ಮಾತು. ಏರಿಯಲ್ಲನ್ನು ಬೇಕಾದ ದಿನ ಕಟ್ಟಲು ಕಲಿಯುವುದಲ್ಲ, ಬೇಡವಾದ ದಿನವೇ ಕಟ್ಟಿ ಕಲಿತಿರಬೇಕು. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹವ್ಯಾಸಿ ಮಹಿಳೆ ಸಂಗಡಿಗರೊಡನೆ ಅಂಡಮಾನಿಗೆ ಹೋಗಿ ಪೋರ್ಟ್ ಬ್ಲೇರಿನಲ್ಲಿ ಕೇಂದ್ರ ತೆರೆದಿದ್ದರು. ಜಗತ್ತಿನ ಹವ್ಯಾಸಿಗಳೊಡನೆ ಮಾತನಾಡುವುದಷ್ಟೇ ಆಗ ಅವರ ಉದ್ದೇಶ. ಡಿಸೆಂಬರ್ 26ರಂದು ಸುನಾಮಿ ಬಂದು ದ್ವೀಪಗಳ ಸಂಪರ್ಕ ಕಡಿದಾಗ ಅವರು ಹವ್ಯಾಸದ ಮಾತು ನಿಲ್ಲಿಸಿ, ಕಂಗಾಲಾದ ಮನೆಮಂದಿಯ ಸುದ್ದಿಗಳನ್ನು ಮುಖ್ಯಭೂಮಿಗೆ ದಾಟಿಸತೊಡಗಿದರು. ಕೇಂದ್ರವೂ ಕೈಯ ಅಭ್ಯಾಸವೂ ಮೊದಲೇ ಸಿದ್ಧವಿದ್ದದ್ದರಿಂದ ಅದು ಸಾಧ್ಯವಾಯಿತು. ನಾನಂತೂ ಆ ಮಳೆಯಲ್ಲಿ ಒಂದು ಬೆಳಗಿನ ಹೊತ್ತನ್ನು ಕಳೆದುಕೊಂಡೆ. ನೀರು ಏರುತ್ತಿರುವಾಗ ಅದು ಸಣ್ಣ ನಷ್ಟವಲ್ಲ.

ಈಗ ನನ್ನ ಚೀಲದಲ್ಲಿ ಎರಡು ಏರಿಯಲ್ಲುಗಳಿರುತ್ತವೆ. ಮೋಜಿಗೆ ಆ ಸರಳು. ಅದನ್ನು ನಾನು ಮಾರಿಲ್ಲ, ಪರದೇಶದ ಮಿತ್ರರೂ ಬೇಕಲ್ಲ. ಅದರ ಪಕ್ಕದಲ್ಲಿ ಇಪ್ಪತ್ತು ಮೀಟರಿನ ತಂತಿಯ ಸಿಂಬಿ, ನೈಲಾನ್ ಹುರಿ ಮತ್ತು ಹತ್ತು ಮೀಟರು ಕೇಬಲು. ಅಂಗಡಿಯಲ್ಲಿ ಸರಳಿಗೆ ಕೊಟ್ಟ ಹಣದಲ್ಲಿ ಇಂಥ ಹತ್ತು ಸಿಂಬಿ ಬಂದಾವು.

ನೆರೆ ಇಳಿದ ಮೇಲೆ ದೀಪಾವಳಿಗೆ ಅಕ್ಕ ಪುಣೆಗೆ ಬಂದಿದ್ದಳು. "ನನ್ನ ಸುದ್ದಿ ತಂದ ಯಂತ್ರ ಯಾವುದೋ ತಮ್ಮಾ, ತೋರಿಸು" ಎಂದಳು. ನಾನು ಸಿಂಬಿಯನ್ನು ಬಿಚ್ಚಿ ತೋರಿಸಿದೆ. ಕೈಯಲ್ಲಿ ಹಿಡಿದು ನೋಡಿ, "ಇದೇನೋ, ಅರಿವಿ ಒಣಹಾಕೋ ಹಗ್ಗದಂಗ ಐತಿ! ಇದಕ್ಕ ನೀ ಸಾಲಿ ಕಲ್ತಿ?" ಎಂದು ನಕ್ಕಳು. ನಗುತ್ತಲೇ ಆ ಸಿಂಬಿಯನ್ನು ತನ್ನ ಸೆರಗಿನಿಂದ ಒರೆಸಿ, ಸುತ್ತಿ, ದೇವರ ಗೂಡಿನ ಕೆಳಗಿಟ್ಟಳು. ಅದು ಅಲ್ಲಿಯೇ ಇದೆ. ರವಿವಾರ ಬಂದರೆ ನಾನು ಅಲ್ಲಿಂದಲೇ ಎತ್ತಿಕೊಂಡು ಹೋಗುತ್ತೇನೆ.

ಸಭೆಯಲ್ಲಿ ಕುಳಿತಿರುವ ಹುಡುಗ ಹುಡುಗಿಯರಿಗೆ ಒಂದು ಕರೆ. ಹನ್ನೆರಡು ವರ್ಷ ತುಂಬಿದವರು ಈ ಪರವಾನಗಿಯ ಪರೀಕ್ಷೆಗೆ ಕೂಡಬಹುದು. ಪಾಠ ಹೇಳಲು ನಾನಿದ್ದೇನೆ. ನನ್ನ ಮನೆಯ ಬಾಗಿಲು ತೆರೆದೇ ಇರುತ್ತದೆ. ಕಾರ್ಯಕಾರಿ ಮಂಡಳಿಯವರಲ್ಲಿಯೂ ಒಂದು ಬೇಡಿಕೆ: ನಮ್ಮ ಸಂಘದ ಈ ಕಟ್ಟಡದ ಗಚ್ಚಿಯ ಮೇಲೆ ಇಪ್ಪತ್ತು ಮೀಟರಿನ ಒಂದು ತಂತಿ ಕಟ್ಟಲು ಅಪ್ಪಣೆ ಕೊಡಿರಿ. ಎತ್ತರ ಬೇಡ, ನಾಲ್ಕು ಮೀಟರು ಸಾಕು. ಅದು ಇಟಲಿಗೆ ಮುಟ್ಟದಿದ್ದರೂ ಚಿಂತೆಯಿಲ್ಲ. ಬೆಳಗಾವಿ, ವಿಜಾಪುರ, ಧಾರವಾಡ, ಕಲಬುರಗಿಗಳಿಗೆ ಹಗಲು ಹೊತ್ತಿನಲ್ಲಿ ಮುಟ್ಟೀತು. ನಮ್ಮವರು ಇರುವುದು ಅಲ್ಲಿ.